ಆಕಾಶಕ್ಕೆ ಹೋಗಬೇಕಿದ್ದ ಹೆಸರಿನ ತಗಡು

೧೯೮೮ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. ಓದು ನಿಂತಿತು ಎಂದು ಬರೆದರೆ ಯಾರೋ ನಿಲ್ಲಿಸಿದ ಹಾಗಾಗುತ್ತದೆ. ಯಾರೂ ನಿಲ್ಲಿಸಲಿಲ್ಲ. ಮನೆಯಲ್ಲಿ ಊಟಕ್ಕೆ ಇತ್ತು, ಬೆನ್ನಿಗೆ ಬಾರಿಸಿ ಶಾಲೆಗೆ ಕಳಿಸುವಷ್ಟು ಅಪ್ಪನೂ ಗಟ್ಟಿ ಇದ್ದರು. ಮೂಡುಬಿದಿರೆಯಿಂದ ವೇಣೂರು ದಾಟಿ ಬೆಳ್ತಂಗಡಿಗೆ ಹೋಗುವ ಒಂದು ಖಾಸಗಿ ಬಸ್ಸಿಗೆ ಕ್ಲೀನರ್ ಬೇಕಿತ್ತು. ನನಗೆ ಆ ಬಸ್ಸು ಬೇಕಿತ್ತು. ಅಷ್ಟೇ.

ಆ ಬಸ್ಸಿನ ಕಂಡಕ್ಟರ್ ಬಂಟ್ವಾಳ ಪೇಟೆಯ ಬ್ಯಾರಿ ಮನೆತನದವ, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವ. ಅವನನ್ನು ನಾನು, ಬ್ಯಾರಿಗಳು ಹಿರಿಯರನ್ನು ಕರೆಯುವ ಹಾಗೆ, ಕಾಕ ಎಂದು ಕರೆಯಲು ಶುರುಮಾಡಿದ್ದು ಗೇಲಿಗೆ. ಈಗ ಗಡ್ಡ ಬೆಳ್ಳಗಾಗಿ ಆ ಹೆಸರು ಅವನಿಗೆ ಸರಿಯಾಗಿಯೇ ಕೂತಿದೆ. ಅವನು ನನ್ನನ್ನು ಧಣಿ ಎಂದು ಕರೆಯುತ್ತಾನೆ. ಅದೂ ಗೇಲಿಯೇ, ಇವತ್ತಿಗೂ. ನನಗೆ ಬಸ್ಸಿನ ಭಾಷೆ ಕಲಿಸಿದವ ಅವನು. ಬಸ್ಸಿನ ಬದಿಯ ತಗಡಿಗೆ ಒಂದು ಸಲ ಬಡಿದರೆ ನಿಲ್ಲು. ಎರಡು ಸಲ ಬಡಿದರೆ ಹೋಗು. ‘ರೈಟ್, ಪೋಯಿ!’, ಅಂದರೆ ಹೊರಡು, ಎಂದು ಬಾಯಿಯಲ್ಲಿ ಕೂಗುವುದು ಜನರಿಗೆ, ಡ್ರೈವರನಿಗೆ ಬಡಿತವೇ ಸಾಕು. ಬಾಗಿಲಿಗೆ ಜೋತುಕೊಂಡು, ಹಿಂದಿನಿಂದ ಬರುವ ಎದುರಾಳಿ ಬಸ್ಸನ್ನು ನೋಡುತ್ತಾ ಎರಡು ಬಡಿಯುವಾಗ ಅಂಗೈಗೆ ಒಂದು ಖುಷಿ ಬರುತ್ತಿತ್ತು. ಶಾಲೆಯಲ್ಲಿ ನನಗೆ ಅಂಥದ್ದು ಯಾವುದೂ ಸಿಕ್ಕಿರಲಿಲ್ಲ.

ಆಮೇಲೆ ಕಾಕ ಕೊಲ್ಲಿ ದೇಶದ ದಮ್ಮಾಮಿಗೆ ಹೋಗಿ ಬಸ್ಸಿನ ಸೀಟು ಹೊಲಿಯುವ ಕೆಲಸಕ್ಕೆ ಸೇರಿದ. ನಾನು ಮಂಗಳೂರಿನ ಒಂದು ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲಿ ತಗಡು ಬಗ್ಗಿಸಲು ಕಲಿತೆ. ಕೊನೆಗೆ ಬಂಟ್ವಾಳದ ಹೊರಗೆ ನನ್ನದೇ ಶೆಡ್ಡು ಹಾಕಿದೆ. ಕಾಕ ಊರಿಗೆ ವಾಪಸು ಬಂದು ಸೀಟಿನ ಕೆಲಸ ವಹಿಸಿಕೊಂಡ. ನಮ್ಮ ಶೆಡ್ಡಿನಿಂದ ಹೊರಡುವ ಪ್ರತಿ ಬಸ್ಸಿನಲ್ಲೂ ಮುಂದಿನ ಬಾಗಿಲಿನ ಮೇಲೆ, ಒಳಗಡೆ, ಅಂಗೈ ಅಗಲದ ಒಂದು ಅಲ್ಯೂಮಿನಿಯಂ ತಗಡು ಇರುತ್ತದೆ. ಅದರಲ್ಲಿ ನನ್ನ ಹೆಸರು, ಕೆಳಗೆ ಬಂಟ್ವಾಳ ಎಂದು. ಬಸ್ಸಿನ ಧಣಿಗಳು ಅದಕ್ಕೆ ತಮ್ಮ ಮಗಳ ಹೆಸರನ್ನೋ ದೇವರ ಹೆಸರನ್ನೋ ಎಷ್ಟು ದೊಡ್ಡದಾಗಿಯಾದರೂ ಬರೆಸಿಕೊಳ್ಳಲಿ, ನನ್ನ ತಗಡು ಇರಲೇಬೇಕು. ಈ ಷರತ್ತಿಗೆ ಒಪ್ಪದೆ ಇಬ್ಬರು ಗಿರಾಕಿಗಳು ಹೋಗಿದ್ದಾರೆ. ಹೋಗಲಿ ಎಂದು ಬಿಟ್ಟೆ.

ಆ ಹುಡುಗಿ ನಮ್ಮಲ್ಲಿಗೆ ಬಂದದ್ದೂ ಆ ತಗಡನ್ನು ಓದಿಯೇ. ಎರಡು ವರ್ಷದ ಹಿಂದೆ. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದಳಂತೆ. ನಿಂತವರಿಗೆ ಓದಲು ಬೇರೆ ಎಂಥದ್ದು ಉಂಟು? ಬಸ್ಸಿನಿಂದ ಇಳಿದವಳು ವಿಚಾರಿಸಿಕೊಂಡು ನೇರ ಶೆಡ್ಡಿಗೆ ಬಂದಳು. ಇಪ್ಪತ್ತೆಂಟು ಮೂವತ್ತರ ಪ್ರಾಯ, ಇಂಜಿನಿಯರು, ಬೆಂಗಳೂರು ಕನ್ನಡ. ಜೊತೆಯಲ್ಲಿ ಇನ್ನಿಬ್ಬರು ಹುಡುಗರು, ಅವರು ಮಾತು ಕಡಿಮೆ, ಲ್ಯಾಪ್‌ಟಾಪು ಜಾಸ್ತಿ.

“ಅಂಕಲ್, ಆರು ಸೀಟಿನ ಒಂದು ಕ್ಯಾಬಿನ್ ಮಾಡ್ಬೇಕಿತ್ತು,” ಎಂದಳು.

ಅಂಕಲ್ ಎಂದದ್ದು ನನಗೆ ಹಿಡಿಸಲಿಲ್ಲ. “ಟೆಂಪೋ ಟ್ರಾವೆಲರಾ?” ಎಂದೆ.

“ಅಲ್ಲ. ಸ್ಪೇಸ್‌ಗೆ.”

ಹೊಲಿಗೆ ಯಂತ್ರ ತುಳಿಯುತ್ತಿದ್ದ ಕಾಕ ಕಾಲು ನಿಲ್ಲಿಸಿದ. “ಎಲ್ಲಿಗೆ?”

ಅವಳು ಕೈ ಮೇಲೆ ಮಾಡಿದಳು. ಕಾಕ ಶೆಡ್ಡಿನ ಮಾಡು ನೋಡಿದ.

ವಿಷಯ ಹೀಗೆ. ಹೊರದೇಶದ ಒಂದು ಕಂಪೆನಿ ಪ್ರವಾಸಿಗಳನ್ನು ಬಾಹ್ಯಾಕಾಶದ ಅಂಚಿನವರೆಗೆ ಕೊಂಡುಹೋಗಿ ತರುವ ಏರ್ಪಾಡು ಮಾಡುತ್ತಿತ್ತು. ಇಂಥ ಕಂಪೆನಿ ಈಗ ಒಂದಲ್ಲ, ಹಲವು. ಎಲ್ಲವೂ ಖಾಸಗಿ, ಎಲ್ಲಕ್ಕೂ ಅವಸರ. ಈ ಕಂಪೆನಿ ತನ್ನ ನೌಕೆಯ ಜನ ಕೂರುವ ಕೋಣೆಯನ್ನು ಯಾರು ಚೆನ್ನಾಗಿ ಮಾಡುತ್ತಾರೆ ಎಂದು ಸ್ಪರ್ಧೆ ಇಟ್ಟಿತ್ತು. ಕೊನೆಯ ಸುತ್ತಿಗೆ ಮೂರು ತಂಡ ಉಳಿದಿದ್ದವು, ಅದರಲ್ಲಿ ಒಂದು ಇವರದ್ದು. ನಿಜವಾದ ಅಳತೆಯ ಮಾದರಿ ಕಟ್ಟಿ, ಅದರಲ್ಲಿ ಜನ ಕೂರಿಸಿ, ಇಳಿಸಿ ತೋರಿಸಬೇಕು. ಗೆದ್ದವರ ಕೋಣೆ ಮುಂದೆ ನಿಜವಾದ ನೌಕೆಯಾಗುತ್ತದೆ. ಇವರು ಬಾಡಿಗೆ ಕಡಿಮೆ ಎಂದು ಮೂಡುಬಿದಿರೆ ಹತ್ತಿರ ಪುತ್ತಿಗೆಯಲ್ಲಿ ಮುಚ್ಚಿಹೋದ ಒಂದು ಗೇರುಬೀಜ ಕಾರ್ಖಾನೆಯ ಶೆಡ್ಡು ಹಿಡಿದಿದ್ದರು.

“ಮೇಲೆ ಹೋದವರು ಎಲ್ಲಿ ಇಳಿಯುವುದು?” ಕಾಕ ಕೇಳಿದ.

“ಇಳಿಯಲ್ಲ. ಕೆಲವು ನಿಮಿಷ ಮೇಲಿದ್ದು ವಾಪಸ್ ಬರ್ತಾರೆ.”

“ಹತ್ತಿದ ಸ್ಟಾಪಿನಲ್ಲೇ ಇಳಿಯುವುದಾ? ಅದಕ್ಕೆ ಯಾರು ಮಾರಾಯ್ತಿ ಟಿಕೇಟು ತೆಗೆಯುವುದು?”

“ಕಿಟಕಿಗೆ,” ಎಂದಳು ಅವಳು. “ಆರು ಜನ, ಆರು ಕಿಟಕಿ. ಅಲ್ಲಿಂದ ಭೂಮಿ ದುಂಡಗೆ ಕಾಣುತ್ತೆ. ಜನ ಹೋಗೋದು ಅದಕ್ಕೇ.”

ಕಾಕ ಮತ್ತೆ ಹೊಲಿಗೆ ಯಂತ್ರ ತುಳಿಯತೊಡಗಿದ. ಕಿಟಕಿಯ ಸೀಟಿಗೆ ಜನ ಹೇಗೆ ಸಾಯುತ್ತಾರೆ ಎಂಬುದು ನಮಗಿಬ್ಬರಿಗೂ ಗೊತ್ತಿರುವ ಸಂಗತಿ.

ನಾನು ಕೇಳಿದ್ದು ಒಂದೇ. ಬಾಗಿಲಿನ ಮೇಲೆ ನನ್ನ ತಗಡು ಇರುತ್ತದೆ. ಗೆದ್ದರೆ, ನಿಜವಾದ ನೌಕೆಯಲ್ಲೂ ಇರಬೇಕು. ಅವಳು ಇಬ್ಬರು ಹುಡುಗರ ಮುಖ ನೋಡಿ, “ಮಾದರಿಗೆ ಖಂಡಿತ ಹಾಕೋಣ. ಗೆದ್ದರೆ ನಾನೇ ಕೇಳ್ತೀನಿ,” ಎಂದಳು. ಒಂಬತ್ತನೇ ಕ್ಲಾಸು ಮುಗಿಸದವನ ಹೆಸರು ಭೂಮಿ ದುಂಡಗೆ ಕಾಣುವ ಜಾಗದವರೆಗೆ ಹೋಗುತ್ತದೆ ಎಂದರೆ ಯಾರಿಗೆ ಆಸೆಯಾಗುವುದಿಲ್ಲ? ನನಗಂತೂ ಆಯಿತು. ಅವತ್ತು ನರಿಕೊಂಬಿನ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. “ಅಲ್ಲಿ ಯಾರು ಓದುವುದು?” ಎಂದಳು ಅವಳು. “ನೀವು ಇಲ್ಲಿ ಗೇಟಿಗೆ ಒಂದು ಬೋರ್ಡು ಹಾಕಿ, ಪೋಸ್ಟಿನವನಾದರೂ ಓದಿಯಾನು.”

ಕೆಲಸ ಶುರುವಾಯಿತು. ಬೆಳಿಗ್ಗೆ ಬಂಟ್ವಾಳದ ಶೆಡ್ಡಿನಲ್ಲಿ ಬಸ್ಸು, ಮಧ್ಯಾಹ್ನದಿಂದ ಪುತ್ತಿಗೆಯಲ್ಲಿ ಆಕಾಶ. ನಮ್ಮ ಮಾತು ಅವರಿಗೆ, ಅವರ ಮಾತು ನಮಗೆ ಹತ್ತಲು ಸ್ವಲ್ಪ ದಿನ ಹಿಡಿಯಿತು. ಒಮ್ಮೆ ಅವಳು ಫೋನಿನಲ್ಲಿ, “ಸೀಟಿನ ಫ್ರೇಮ್ ಯಾವಾಗ?” ಎಂದು ಕೇಳಿದಳು. “ಶುಕ್ರವಾರ ಮುಗಿಸುವ,” ಎಂದೆ.

“ಮುಗಿಸುವ...?” ಎಂದು ಅವಳು ಕಾಯುತ್ತಾ ಇದ್ದಳು. ನಾನೂ ಕಾಯುತ್ತಾ ಇದ್ದೆ.

“ಮುಗಿಸುವ ಏನು ಅಂಕಲ್? ಹೇಳಿ.”

“ಎಂಥ ಹೇಳುವುದು? ಮುಗಿಸುವ ಅಂತ ಹೇಳಿದೆನಲ್ಲ!”

ನಮ್ಮ ಕಡೆ ‘ಮುಗಿಸುವ’ ಎಂದರೆ ಮುಗಿಸೋಣ, ಮಾತು ಮುಗಿಯಿತು. ಅವಳಿಗೆ ಅದು ಅರ್ಧ ವಾಕ್ಯ. ಆಮೇಲೆ ಅವಳೂ ಕಲಿತಳು. ‘ಟೀ ಕುಡಿಯುವ ಅಂಕಲ್, ಸ್ವಲ್ಪ ಕೂರುವ ಅಂಕಲ್’ ಎಂದು ಎಲ್ಲದಕ್ಕೂ ಒಂದು ‘ವ’ ಸೇರಿಸಿ ಕಾಕನನ್ನು ನಗಿಸುತ್ತಿದ್ದಳು.

ಸೀಟಿನ ವಿಷಯಕ್ಕೆ ನನಗೂ ಅವಳಿಗೂ ಜಗಳವೇ ಆಯಿತು. ಆ ಸೀಟಿನಲ್ಲಿ ಕೂರುವುದಲ್ಲ, ಮಲಗುವುದು. ಬೆನ್ನು ಕೆಳಗೆ, ಮೊಣಕಾಲು ಮೇಲೆ. ನಕ್ಷೆ ನೋಡಿ ಕಾಕ, “ಇದು ಸೀಟೋ ಹೆರಿಗೆ ಮಂಚವೋ?” ಎಂದ. ನಾನು ದಪ್ಪ ಸ್ಪಂಜು ಹಾಕಿದೆ. ದಿನಗಟ್ಟಲೆ ಬಸ್ಸಿನಲ್ಲಿ ಕೂತವರ ಬೆನ್ನು ನನಗೆ ಗೊತ್ತಿಲ್ಲವೇ ಎಂಬುದು ನನ್ನ ವಾದ. ಅವಳು ತೆಳು ಮಾಡಿ ಎಂದಳು. ನಾನು ಆಗುವುದಿಲ್ಲ ಎಂದೆ. “ಸರಿ, ನೀವೇ ಒಂದು ಗಂಟೆ ಮಲಗಿ,” ಎಂದಳು. ಮಲಗಿದೆ. ಅರ್ಧ ಗಂಟೆಯಲ್ಲಿ ಸೊಂಟ ಸ್ಪಂಜಿನೊಳಗೆ ಇಳಿದು ಕಾಲು ಜೋಮು ಹಿಡಿಯಿತು. ಇಳಿಯಲು ಕಾಕ ಕೈ ಕೊಡಬೇಕಾಯಿತು. ಎರಡು ಮಾತಿಲ್ಲದೆ ಆರಕ್ಕೆ ಆರೂ ಬಿಚ್ಚಿ ತೆಳು ಮಾಡಿದೆವು. ಇನ್ನೊಂದು ದಿನ, ತೂಕವಿಲ್ಲದೆ ತೇಲುವವರಿಗೆ ಹಿಡಿದುಕೊಳ್ಳಲು ಮುಂದಿನ ಸೀಟಿನ ಬೆನ್ನಿಗೆ ಹಿಡಿಕೆ ಬೇಡವೇ ಎಂದು ದೊಡ್ಡ ಬುದ್ಧಿ ಹೇಳಲು ಹೋದೆ. ಅವಳು ನಕ್ಷೆಯ ಮೂರನೇ ಹಾಳೆ ತೆಗೆದು ತೋರಿಸಿದಳು. ಹಿಡಿಕೆ ಮೊದಲೇ ಇತ್ತು, ಅದೂ ನಾನು ಯೋಚಿಸಿದ್ದಕ್ಕಿಂತ ಒಳ್ಳೆಯ ಜಾಗದಲ್ಲಿ. ಓದಿದವರು ಸುಮ್ಮನೆ ಓದಿರುವುದಿಲ್ಲ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ.

ಆ ತಿಂಗಳುಗಳಲ್ಲಿ ಈ ಸ್ಪರ್ಧೆಯ ಬಗ್ಗೆ ಬಹಳ ಯೋಚಿಸುತ್ತಿದ್ದೆ. ಆಕಾಶಕ್ಕೆ ಹೋಗುವುದೆಂದರೆ ಸರಕಾರದ ಕೆಲಸ ಎಂದೇ ನಾವು ತಿಳಿದಿದ್ದವರು. ಈಗ ಖಾಸಗಿಯವರು ಬಂದಿದ್ದಾರೆ ಎಂದು ಬೇರೆ ಊರಿನವರಿಗೆ ಆಶ್ಚರ್ಯವಾಗಬಹುದು. ನಮ್ಮ ಕಡೆಯವರಿಗೆ ಆಗಬಾರದು. ನಮ್ಮ ಹಳ್ಳಿಗಳಿಗೆ ಮೊದಲು ಬಂದದ್ದೇ ಖಾಸಗಿ ಬಸ್ಸು, ಸರಕಾರದ ಬಸ್ಸು ಬಂದದ್ದು ಆಮೇಲೆ. ಒಂದೇ ರಸ್ತೆಗೆ ಎರಡು ಧಣಿಗಳ ಬಸ್ಸು ಬಿದ್ದ ಮೇಲೆಯೇ ಬಸ್ಸಿಗೆ ಕುಶನ್ ಬಂತು, ಬಸ್ಸು ಬೆಳಿಗ್ಗೆ ಹೇಳಿದ ಹೊತ್ತಿಗೆ ಬಂತು. ಅದೇ ಪೈಪೋಟಿಯಲ್ಲಿ ವೇಣೂರಿನ ತಿರುವಿನಲ್ಲಿ ಎದುರಿಗೆ ಬಂದವರ ಜೀವ ಬಾಯಿಗೆ ಬಂದದ್ದೂ ಉಂಟು. ಹಿಂದಿನ ಬಸ್ಸು ಮುಂದೆ ಹೋಗದ ಹಾಗೆ ನೋಡಿಕೊಳ್ಳುವವನಿಗೆ ರಸ್ತೆ ಕಾಣುವುದಿಲ್ಲ. ನಾನು ಬಾಗಿಲಿನಲ್ಲಿ ನಿಂತು ಎರಡು ಬಡಿಯುತ್ತಿದ್ದವನು, ನನಗೆ ಗೊತ್ತು. ಒಮ್ಮೆ ಅವಳ ಹತ್ತಿರ ಇದನ್ನು ಹೇಳಿದೆ. ಅವಳು ನಗಲಿಲ್ಲ. “ಅದಕ್ಕೇ ಬಾಗಿಲಿನ ಪರೀಕ್ಷೆ ಇಟ್ಟಿದ್ದಾರೆ,” ಎಂದಳು. “ವೇಗ ಎಲ್ಲರೂ ತೋರಿಸ್ತಾರೆ. ಇಳಿಸೋದು ತೋರಿಸಿ ಅಂತ.”

ತೀರ್ಪುಗಾರರು ಬರುವ ದಿನ ಬೆಳಿಗ್ಗೆ ನಾನು ಬಿಳಿ ಅಂಗಿ ಹಾಕಿಕೊಂಡು ಹೋದೆ. ಕೋಣೆ ಸಿದ್ಧವಾಗಿತ್ತು, ದೊಡ್ಡ ಗಂಟೆಯ ಆಕಾರ, ಒಳಗೆ ಬೂದು ಬಣ್ಣದ ಹೊದಿಕೆ, ಬಾಗಿಲಿನ ಮೇಲೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ ನನ್ನ ತಗಡು. ಅದರ ಕೆಳಗೆ ಅವಳು ನಿಂತಿದ್ದಳು, ಮುಖ ಸಣ್ಣದು ಮಾಡಿಕೊಂಡು.

“ಅಂಕಲ್, ಒಂದು ವಿಷ್ಯ. ಕೋಣೆಯಲ್ಲಿ ಯಾರ ಹೆಸರೂ ಇರಬಾರದಂತೆ. ಫೋಟೋ ನೋಡಿ ಅಂಕ ಕೊಡೋರಿಗೆ ಯಾರು ಮಾಡಿದ್ದು ಅಂತ ಗೊತ್ತಾಗಬಾರದಂತೆ. ನಿನ್ನೆ ಹೇಳಿದ್ರು.”

“ಅದಕ್ಕೆ?”

“ಪ್ಲೇಟ್ ತೆಗೀಬೇಕು.”

ನನಗೆ ರಕ್ತ ತಲೆಗೆ ಏರಿತು. “ತೆಗೆಯುವ. ಸೀಟೂ ತೆಗೆಯುವ. ಬಾಗಿಲೂ ತೆಗೆಯುವ. ನೀವು ನಿಮ್ಮ ನಕ್ಷೆಯ ಮೇಲೆ ಕೂತುಕೊಂಡು ತೋರಿಸಿ.”

“ಧಣಿ...” ಎಂದ ಕಾಕ.

“ಸುಮ್ಮನಿರು ಕಾಕ. ನಾನು ಕೇಳಿದ್ದು ಒಂದೇ. ಅದೊಂದನ್ನೇ ಇವರು...”

“ನನ್ನ ಹೆಸರು ತೋರಿಸಿ ಅಂಕಲ್,” ಎಂದಳು ಅವಳು. ದನಿ ಏರಿರಲಿಲ್ಲ. “ಇಡೀ ಕೋಣೆಯಲ್ಲಿ ಎಲ್ಲಾದರೂ ನನ್ನ ಹೆಸರಿದ್ದರೆ ತೋರಿಸಿ. ಕೆಲಸ ಬಿಟ್ಟು ಬಂದವಳು ನಾನು. ಇವರಿಬ್ಬರ ಹೆಸರಾದರೂ ತೋರಿಸಿ.”

ನಾನು ಆ ಕೋಣೆಯ ಒಂದೊಂದು ರಿವೆಟ್ಟನ್ನೂ ಬಲ್ಲವನು. ಎಲ್ಲಿಯೂ ಇರಲಿಲ್ಲ. ಹೊರಗೆ ಒಂದು ಅಂಕೆ ಇತ್ತು, ಮೂರು ಎಂದು. ಅದು ತಂಡದ ನಂಬರು.

ಸ್ಕ್ರೂಡ್ರೈವರ್ ಬೇರೆಯವರ ಕೈಗೆ ಕೊಡಲಿಲ್ಲ, ನಾನೇ ಬಿಚ್ಚಿದೆ. ನಾಲ್ಕು ತೂತು ಉಳಿದವು, ಅದಕ್ಕೆ ಪುಟ್ಟಿ ಮೆತ್ತಿ ಬಣ್ಣ ಹಚ್ಚಿದೆ. ತಗಡು ಅಂಗಿಯ ಜೇಬಿಗೆ ಹೋಯಿತು. “ಗೆದ್ದರೆ ಕೇಳ್ತೀನಿ ಅಂದಿದ್ದೆ,” ಎಂದಳು ಅವಳು. “ಆ ಮಾತು ಹಾಗೇ ಇದೆ.” ಅಂದರೆ ಈಗ ಉಳಿದದ್ದು ಗೆಲ್ಲುವುದೊಂದೇ.

ಪರೀಕ್ಷೆಗೆ ತರಬೇತಿ ಇಲ್ಲದ ಸಾಮಾನ್ಯ ಜನ ಆರು ಮಂದಿ ಕೂರಬೇಕಿತ್ತು. ನಾನು, ನನ್ನ ಹೆಂಡತಿ, ವೇಣೂರಿನಲ್ಲಿ ಅಂಗಡಿ ಇಟ್ಟಿರುವ ಅವಳ ಅಣ್ಣ, ನಮ್ಮ ಶೆಡ್ಡಿನ ಮೂವರು ಕೆಲಸದವರು. ಕಾಕ ಹೊರಗೆ ಉಳಿದ. ಎರಡು ಸುತ್ತು. ಮೊದಲನೆಯದು ಒಳಗಿನಿಂದ ಬಾಗಿಲು ತೆರೆದು ಇಳಿಯುವುದು. ಅದು ಬೆಣ್ಣೆಯ ಹಾಗೆ ಆಯಿತು. ದಪ್ಪ ಮೈಯ ಭಾವನೂ ಎಲ್ಲಿಯೂ ಸಿಕ್ಕಿಕೊಳ್ಳದೆ ಇಳಿದ. ತೀರ್ಪುಗಾರರಲ್ಲಿ ಹಿರಿಯವರಾದ, ತಲೆ ನರೆತ ಒಬ್ಬ ಹೆಂಗಸು ಸೀಟು ಒತ್ತಿ ನೋಡಿ ತಲೆಯಾಡಿಸಿದರು.

ಎರಡನೆಯದು ಹೊರಗಿನಿಂದ ತೆರೆಯುವುದು. ನೌಕೆ ಗದ್ದೆಯಲ್ಲೋ ಸಮುದ್ರದ ಬದಿಯಲ್ಲೋ ಇಳಿದಿದೆ, ರೇಡಿಯೋ ಕೆಟ್ಟಿದೆ, ಒಳಗಿನವರಿಗೆ ಬಾಗಿಲು ತೆರೆಯಲು ಆಗುವುದಿಲ್ಲ ಎಂದು ಲೆಕ್ಕ. ಆಗ ಒಳಗಿನವರು ಕೂಗದೆ ಬಾಗಿಲಿಗೆ ಎರಡು ಸಲ ಬಡಿಯಬೇಕು, ಹೊರಗಿನವರು ತೆರೆಯಬೇಕು. ಒಂದು ಬಡಿತವಾದರೆ ಏನೋ ಬಿದ್ದ ಶಬ್ದವೂ ಆಗಿರಬಹುದು, ಅದಕ್ಕೆ ಎರಡು ಎಂದು ತಂಡ ಠರಾವು ಮಾಡಿತ್ತು. ತೆರೆಯುವುದಕ್ಕೆ ಹುಡುಗರಲ್ಲಿ ಒಬ್ಬ ಅಭ್ಯಾಸ ಮಾಡಿಕೊಂಡಿದ್ದ. ಆದರೆ ಆ ಹಿರಿಯ ಹೆಂಗಸು, “ಇಂಜಿನಿಯರು ಬೇಡ. ನೌಕೆ ಬಿದ್ದ ಕಡೆ ಯಾರಿರುತ್ತಾರೋ ಅವರೇ ತೆರೆಯಬೇಕಲ್ಲ?” ಎಂದು ಇಂಗ್ಲಿಷಿನಲ್ಲಿ ಹೇಳಿ ಸುತ್ತ ನೋಡಿದರು. ಬೆರಳು ಕಾಕನ ಮೇಲೆ ನಿಂತಿತು.

ಅವಳು ಕಾಕನಿಗೆ ವಿವರಿಸಿದಳು. “ಒಳಗಿಂದ ಎರಡು ಸಲ ಸದ್ದು ಬಂದ್ರೆ ಈ ಹ್ಯಾಂಡಲ್ ಎಡಕ್ಕೆ ತಿರುಗಿಸಿ ಎಳೀಬೇಕು. ಅಷ್ಟೇ.”

“ಅಷ್ಟೇ ಅಲ್ವಾ? ಬಾಗಿಲಿನ ಕೆಲಸ ನನಗೆ ಕಲಿಸ್ತೀಯಾ ಮಗಳೇ?” ಎಂದ ಕಾಕ, ಟೊಪ್ಪಿ ಸರಿಮಾಡಿಕೊಂಡ.

ನಾವು ಆರು ಜನ ಮಲಗಿ ಬೆಲ್ಟು ಕಟ್ಟಿಕೊಂಡೆವು. ಬಾಗಿಲು ಮುಚ್ಚಿತು. ಕಿಟಕಿಗಳನ್ನೂ ಮುಚ್ಚಿ ದೀಪ ಆರಿಸಿದರು. ಕತ್ತಲೆಯಲ್ಲಿ ಹೆಂಡತಿ, “ಗ್ಯಾಸ್ ಆಫ್ ಮಾಡಿದ್ದೇನಾ ನಾನು?” ಎಂದಳು. ಭಾವ, “ಈಗ ನೆನಪು ಮಾಡಬೇಡ ಮಾರಾಯ್ತಿ, ನಾವು ಆಕಾಶದಲ್ಲಿ ಇದ್ದೇವೆ,” ಎಂದ. ಗಂಟೆ ಬಾರಿಸಿದರು, ಅಂದರೆ ಸಮಯ ಶುರು. ಬಾಗಿಲಿನ ಬದಿಯ ಸೀಟು ನನ್ನದು. ಬೆಲ್ಟು ಬಿಚ್ಚಿ ಎದ್ದು ಹೇಳಿದ ಹಾಗೆಯೇ ಬಡಿದೆ. ಡಬ್, ಡಬ್.

ಹೊರಗಿನಿಂದ ಕಾಕನ ಸ್ವರ ಕೇಳಿತು, ಬೆಳ್ತಂಗಡಿ ಸ್ಟ್ಯಾಂಡಿನಲ್ಲಿ ಕೇಳುತ್ತಿದ್ದ ಅದೇ ಸ್ವರ, “ರೈಟ್! ಪೋಯಿ!”

ಮತ್ತು ಹ್ಯಾಂಡಲ್ ಇನ್ನೂ ಬಿಗಿಯಾಗಿ ಬಲಕ್ಕೆ ತಿರುಗಿದ ಶಬ್ದ.

ನಾನು ಇನ್ನೊಮ್ಮೆ ಎರಡು ಬಡಿದೆ. “ರೈಟ್, ರೈಟ್!” ಎಂದ ಕಾಕ. ಹೊರಗೆ ಯಾರೂ ಅವನಿಗೆ ಹೇಳುವ ಹಾಗಿರಲಿಲ್ಲ, ಹೇಳಿದರೆ ಪರೀಕ್ಷೆ ರದ್ದು. ಒಳಗೆ ಹೆಂಡತಿ, “ಬಡಿಯಿರಿ ಮಾರಾಯ್ರೆ, ಜೋರಾಗಿ ಬಡಿಯಿರಿ,” ಎನ್ನುತ್ತಿದ್ದಳು. ನಾನು ಬಡಿಯುತ್ತಲೇ ಇದ್ದೆ, ಎರಡೆರಡು. ಬಡಿದಷ್ಟೂ ಅವನು ನಮ್ಮನ್ನು ಇನ್ನಷ್ಟು ಗಟ್ಟಿಯಾಗಿ ಕಳಿಸಿಕೊಡುತ್ತಿದ್ದ. ಅಂಗೈ ಉರಿಯುವಾಗ ನನಗೆ ತಟ್ಟನೆ ಹೊಳೆಯಿತು. ಕೈ ಎತ್ತಿ ಒಂದೇ ಒಂದು ಬಡಿದು ಸುಮ್ಮನಾದೆ.

ಬಾಗಿಲು ಆ ಕ್ಷಣವೇ ತೆರೆಯಿತು. ಬೆಳಕಿನಲ್ಲಿ ಕಾಕನ ಮುಖ. “ಎಂಥ ಧಣಿ, ಯಾರಾದರೂ ಇಳಿಯುವವರು ಉಂಟಾ?”

ಭಾವ ನಕ್ಕುಬಿಟ್ಟ. ನಗು ಅರ್ಧಕ್ಕೆ ನಿಂತಿತು, ಏಕೆಂದರೆ ಹೊರಗೆ ಅವಳು ಗಡಿಯಾರ ನೋಡುತ್ತಾ ನಿಂತಿದ್ದಳು. ಕೊಟ್ಟ ಸಮಯ ದಾಟಿತ್ತು. ತೀರ್ಪುಗಾರರು ಬರೆದುಕೊಳ್ಳುತ್ತಿದ್ದರು. ಕಾಕ ಒಬ್ಬೊಬ್ಬರ ಮುಖವನ್ನೂ ನೋಡಿದ. ಏನಾಯಿತೆಂದು ಅವನಿಗೆ ಆಗ ತಿಳಿಯಿತು. ಪಕ್ಕದ ಗೇರುಬೀಜದ ಹಳೆಯ ಕಟ್ಟೆಯ ಮೇಲೆ ಕೂತುಬಿಟ್ಟ.

“ತಲೆಗೆ ಗೊತ್ತಿತ್ತು ಧಣಿ,” ಎಂದ. “ಕೈಗೆ ಗೊತ್ತಿರಲಿಲ್ಲ.”

ನಾನು ಅವನ ಪಕ್ಕದಲ್ಲಿ ಕೂತೆ. ಒಳಗೆ ಎರಡು ಬಡಿಯುವಾಗ ನನ್ನ ಕೈಗೂ ಅದು ಹೊರಡುವ ಬಡಿತವೇ ಆಗಿತ್ತು. ಅದನ್ನು ಅವನಿಗೆ ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ.

ಕೆಲವು ವಾರಗಳ ನಂತರ ಫಲಿತಾಂಶ ಬಂತು. ಎರಡನೇ ಸ್ಥಾನ. ಗೆದ್ದ ತಂಡದ ಕೋಣೆ ಮುಂದಕ್ಕೆ ಹೋಗುತ್ತದೆ, ಎರಡನೆಯದಕ್ಕೆ ಒಂದು ಒಳ್ಳೆಯ ಮಾತು. ಸೀಟಿಗೆ, ಒಳಗಿನ ಕೆಲಸಕ್ಕೆ ಪೂರ್ತಿ ಅಂಕ ಬಂದಿತ್ತಂತೆ. ಕಡಿಮೆಯಾದದ್ದು ಹೊರಗಿನಿಂದ ಬಾಗಿಲು ತೆರೆಯಲು ತಡವಾದ ಕಡೆ. ಅವಳು ಶೆಡ್ಡಿಗೆ ಬಂದೇ ಹೇಳಿದಳು, ಫೋನಿನಲ್ಲಿ ಹೇಳಲಿಲ್ಲ.

“ಕಾಕನ ತಪ್ಪಲ್ಲ. ಎರಡು ಅಂತ ತೀರ್ಮಾನ ಮಾಡುವಾಗ ನಾವು ಮೂವರೇ ಕೂತಿದ್ವಿ. ನಿಮ್ಮನ್ನ ಕೇಳ್ಬೇಕಿತ್ತು.”

“ಕೇಳಿದ್ದರೆ ನಾನೂ ಸರಿ ಅಂತಲೇ ಹೇಳುತ್ತಿದ್ದೆ,” ಎಂದೆ. ಅದು ನಿಜ. ಬಾಯಿಯಲ್ಲಿ ಹೇಳುವಾಗ ಎರಡು ಎಂಬುದರಲ್ಲಿ ಏನೂ ತಪ್ಪಿಲ್ಲ.

ಅವರ ತಂಡ ಒಡೆಯುವುದರಲ್ಲಿತ್ತು. ಹುಡುಗರಿಗೆ ಬೇರೆ ಕೆಲಸ ಸಿಕ್ಕಿತ್ತು, ಅವಳು ಇನ್ನೊಂದು ಸ್ಪರ್ಧೆಗೆ ಇನ್ನೊಂದು ತಂಡ ಸೇರಿಸುವ ಯೋಚನೆಯಲ್ಲಿದ್ದಳು. ಕೋಣೆಯನ್ನು ಘಟ್ಟದ ಮೇಲಿನ ಒಂದು ಕಾಲೇಜಿಗೆ ಕೊಡುವುದೆಂದು ಆಗಿತ್ತು, ಮಕ್ಕಳು ಹತ್ತಿ ನೋಡಲಿ ಎಂದು. ಲಾರಿ ಬರುವ ಬೆಳಿಗ್ಗೆ ನಾವಿಬ್ಬರೂ ಪುತ್ತಿಗೆಗೆ ಹೋದೆವು, ಎತ್ತಿಸಲು ಜನ ಬೇಕಲ್ಲ.

“ಈಗ ರೂಲ್ ಇಲ್ಲ ಅಂಕಲ್,” ಎಂದಳು ಅವಳು. “ನಿಮ್ಮ ಪ್ಲೇಟ್ ಹಾಕಬಹುದು. ಬೇಡ ಅಂದ್ರೂ ನನಗೆ ಅರ್ಥ ಆಗುತ್ತೆ.”

“ಬೇಡ,” ಎಂದ ಕಾಕ ನನಗಿಂತ ಮೊದಲು. “ತೆಗೆದದ್ದೇ ಒಳ್ಳೆಯದಾಯಿತು. ಸೋತದ್ದಕ್ಕೆ ಯಾಕೆ ಧಣಿ ಹೆಸರು? ಮಕ್ಕಳು ಕೇಳುತ್ತಾರೆ, ಇದು ಯಾಕೆ ಮೇಲೆ ಹೋಗಲಿಲ್ಲ ಅಂತ. ಆಮೇಲೆ ನಿಮ್ಮ ಹೆಸರು ಓದುತ್ತಾರೆ.”

ಅವನ ಮಾತಿನಲ್ಲಿ ತೂಕವಿತ್ತು. ನಾನು ಲಾರಿಯ ಹಲಗೆಯ ಮೇಲೆ ಕೂತು ಯೋಚಿಸಿದೆ. ಆಕಾಶದವರೆಗೆ ಹೋಗುವ ಹೆಸರು ಬೇಕೆಂದು ಹಟ ಹಿಡಿದವನು ನಾನು. ಆ ಹೆಸರು ಈಗ ಹೋಗುವುದು ಘಟ್ಟದ ಮೇಲಿನ ಒಂದು ಹಾಲ್‌ಗೆ. ಅಲ್ಲಿ ನಿಂತಲ್ಲೇ ನಿಂತಿರುತ್ತದೆ. ಇಷ್ಟಕ್ಕೆ ಬೇಕೇ?

ನನ್ನ ಶೆಡ್ಡಿನ ಮೊದಲ ಬಸ್ಸು ನೆನಪಾಯಿತು. ಮೊದಲ ಮಳೆಗೇ ಅದರ ಮಾಡು ಸೋರಿತು. ವೇಣೂರಿನಲ್ಲಿ ಜನ ಬಸ್ಸಿನೊಳಗೆ ಕೊಡೆ ಬಿಡಿಸಿ ಕೂತರು. ನನ್ನ ತಗಡಿನ ಕೆಳಗೆ ಯಾರೋ ಸೀಮೆಸುಣ್ಣದಲ್ಲಿ ‘ಸ್ನಾನಘಟ್ಟ’ ಎಂದು ಬರೆದಿದ್ದರು. ಬಸ್ಸಿನ ಧಣಿ, ತಗಡು ಕಿತ್ತುಕೊಂಡು ಹೋಗು ಎಂದು ಬೈದರು. ನಾನು ಕೀಳಲಿಲ್ಲ, ಇಡೀ ಮಾಡು ಬಿಚ್ಚಿ ಮತ್ತೆ ಕಟ್ಟಿಕೊಟ್ಟೆ. ಅವತ್ತು ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ಅವತ್ತು ಇಲ್ಲದ ನಾಚಿಕೆ ಇವತ್ತು ಎಲ್ಲಿಂದ ಬಂತು? ನಾನು ಮಾಡಿದ್ದು ಹೌದಾದರೆ ನನ್ನ ಹೆಸರೂ ಹೌದು. ಓಡಿದರೆ ಮಾತ್ರ ನನ್ನದು, ನಿಂತರೆ ಬೇರೆಯವರದ್ದು ಎನ್ನುವವನು ತಗಡು ಮಾಡಿಸಲೇಬಾರದು.

ಎದ್ದು ಡ್ರಿಲ್ ತೆಗೆದುಕೊಂಡೆ, ತಗಡು ಟೂಲಿನ ಚೀಲದಲ್ಲೇ ಇತ್ತು. ಪುಟ್ಟಿ ಮೆತ್ತಿದ ಜಾಗ ಹುಡುಕಿ ನಾಲ್ಕು ತೂತು ಮತ್ತೆ ಕೊರೆದೆ. ಅವಳು ಸ್ಕ್ರೂ ಹಿಡಿದುಕೊಂಡು ಒಂದೊಂದಾಗಿ ಕೊಟ್ಟಳು. ತಗಡು ಕೂತ ಮೇಲೆ ಜೇಬಿನಿಂದ ಮಾರ್ಕರ್ ತೆಗೆದು ಅವಳ ಕೈಗೆ ಕೊಟ್ಟೆ.

“ಎಂಥಕ್ಕೆ?” ಎಂದಳು, ನಮ್ಮದೇ ಮಾತಿನಲ್ಲಿ.

“ನಿಮ್ಮ ಮೂವರದ್ದೂ ಬರೆಯಿರಿ. ಕೆಳಗೆ ಜಾಗ ಉಂಟು.”

ಅವಳು ಬರೆದಳು. ಒಂದು ಅಕ್ಷರ ಬರೆಯುವುದು, ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಬರೆಯುವುದು. ನಾನು ಹೊರಗೆ ಲಾರಿಯ ಹಗ್ಗ ನೋಡಲು ಹೋದೆ. ವಾಪಸು ಬರುವಾಗ ಕಾಕ ಅವಳ ಹಿಂದೆ ನಿಂತು, “ಹಾಗಾದರೆ ನನ್ನದೂ ಬರೆ ಮಗಳೇ,” ಎನ್ನುತ್ತಿದ್ದ. “ಬಾಗಿಲು ತೆರೆಯದವ ಅಂತ.”

“ಬರೀ ಹೆಸರು ಬರೀತೀನಿ ಕಾಕ.”

“ಎಂಥದಾದರೂ ಬರೆ. ಸ್ಪೆಲ್ಲಿಂಗ್ ತಪ್ಪಬಾರದು.”

ಲಾರಿ ಹತ್ತುವಾಗ ಅವಳು ಮುಂದಿನ ಸ್ಪರ್ಧೆಗೆ ಸೀಟು ಮಾಡಿಕೊಡುತ್ತೀರಾ ಎಂದು ಕೇಳಿದಳು. “ಮಾಡುವ,” ಎಂದೆ. ಅವಳು ಮುಂದಿನ ಮಾತಿಗೆ ಕಾಯಲಿಲ್ಲ. ಕಾಕ ಹಿಂದಿನಿಂದ ಲಾರಿಯ ಬದಿಗೆ ಎರಡು ಬಡಿದ. ಡ್ರೈವರ್ ನಮ್ಮ ಕಡೆಯವನೇ, ಹೊರಟ.

ಅವಳ ಹೊಸ ತಂಡದ ಸುದ್ದಿ ಇನ್ನೂ ಬಂದಿಲ್ಲ. ಹೊರದೇಶದ ಆ ಕಂಪೆನಿಯೂ ಇವತ್ತಿನವರೆಗೆ ಪ್ರವಾಸಿಗಳನ್ನು ಹತ್ತಿಸಿಲ್ಲ, ಮುಂದೆ ಹಾಕುತ್ತಲೇ ಇದೆ ಎಂದು ಕೇಳಿದ್ದೇನೆ. ನಾವು ಬಸ್ಸು ಕಟ್ಟುತ್ತಿದ್ದೇವೆ.

ಈಗ ನನ್ನಲ್ಲಿ ಇರುವುದು: ಬಂಟ್ವಾಳದ ಹೊರಗೆ ಶೆಡ್ಡು ಒಂದು. ನರಿಕೊಂಬಿನಲ್ಲಿ ಮನೆ ಒಂದು. ಕೆಲಸದವರು ಏಳು ಮಂದಿ, ಕಾಕನನ್ನು ಸೇರಿಸಿದರೆ ಎಂಟು, ಸೇರಿಸಿದರೆ ಅವನಿಗೆ ಸಿಟ್ಟು ಬರುತ್ತದೆ. ನನ್ನ ಹೆಸರಿನ ತಗಡು ಇದ್ದು ರಸ್ತೆಯಲ್ಲಿ ಓಡುವ ಬಸ್ಸು ಮೂವತ್ತನಾಲ್ಕು. ಓಡದ ಕೋಣೆ ಒಂದು. ಶೆಡ್ಡಿನೊಳಗೆ ಅರ್ಧ ಕಟ್ಟಿದ ಬಸ್ಸು ಎರಡು. ವೆಲ್ಡಿಂಗ್ ಸೆಟ್ಟು ಎರಡು. ಹೊಲಿಗೆ ಯಂತ್ರ ಮೂರು, ಅದರಲ್ಲಿ ಒಂದು ರಿಪೇರಿಗೆ ಹೋಗಿದೆ.